ಜನಗಣತಿಯ ಕಚ್ಚಾ ಪಟ್ಟಿಯೂ ನನ್ನ ನೇಮಕಾತಿ ಆದೇಶವೂ

೧೯೭೧ನೇ ಇಸವಿಯಲ್ಲಿ ಶಿಕಾರಿಪುರದ ನಮ್ಮ ಮನೆಯಲ್ಲಿ ನಡೆದ ಚರ್ಚೆಯೊಂದರ ಬಗ್ಗೆ ಈ ಕೆಳಕಂಡಂತೆ ಅರಿಕೆ ಮಾಡಿಕೊಳ್ಳುತ್ತೇನೆ. ಬರೆದು ರೂಢಿಯಿಲ್ಲದವಳಾದ್ದರಿಂದ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಸೊರಬ ತಾಲ್ಲೂಕು ಹೊಸಬಾಳೆಯ ಶಾಲೆಗೆ ನನ್ನನ್ನು ಶಿಕ್ಷಕಿಯಾಗಿ ನೇಮಿಸಿದ ಆದೇಶ ಬಂದಿತ್ತು. ಹದಿನೈದು ದಿನಗಳೊಳಗೆ ಹಾಜರಾಗದಿದ್ದಲ್ಲಿ ನೇಮಕಾತಿ ರದ್ದಾಗುವುದೆಂದು ಅದರಲ್ಲಿ ನಮೂದಾಗಿತ್ತು. ಮಗಳಿಗೆ ಆಗ ಒಂದು ವರ್ಷ. ಸದರಿ ಆದೇಶವನ್ನು ಮನೆಯ ಗಂಡಸರ ಅವಗಾಹನೆಗೆ ಸಲ್ಲಿಸಲಾಗಿ, ಹನ್ನೊಂದು ದಿನ ಅದು ಅವರ ಪರಿಶೀಲನೆಯಲ್ಲಿಯೇ ಇತ್ತು.

ವಿರೋಧ ನನ್ನ ಗಂಡನ ಅಣ್ಣ, ಭಾವನವರದು. ಅವರೂ ಮೇಷ್ಟರೇ. ಆ ವರ್ಷ ನಮ್ಮ ಬೀದಿಯ ಜನಗಣತಿ ಮಾಡಿದವರು ಅವರಾದ್ದರಿಂದ ಕಚ್ಚಾ ಪಟ್ಟಿಯ ನೋಟ್‌ಬುಕ್ ಅವರ ಬಳಿಯಿತ್ತು. ಹನ್ನೆರಡನೆಯ ದಿನ ಅದನ್ನು ಜಗಲಿಯಲ್ಲಿ ಬಿಡಿಸಿ, ಇಡೀ ಬೀದಿಯಲ್ಲಿ ಕೆಲಸ ಮಾಡುವ ಹೆಂಗಸು ಒಬ್ಬಳೂ ಇಲ್ಲವೆಂದೂ, ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿರುವುದೇ ಹೆಣ್ಣಿನ ಸ್ವಭಾವವೆಂಬುದು ಇದರಿಂದ ಶಾಸ್ತ್ರೀಯವಾಗಿ ಸಾಬೀತಾಗಿದೆಯೆಂದೂ ನನ್ನ ಗಂಡನಿಗೆ ವಿವರಿಸಿದರು. ನನ್ನ ಗಂಡ ಅಂಕಿಗಳೆದುರು ಸದಾ ವಿನಯದಿಂದಿರುವವರು. ತಲೆಯಾಡಿಸಿದರು.

ಆ ಅಂಕಿಗಳ ತಯಾರಿಕೆಯನ್ನು ನಾನು ಕಣ್ಣಾರೆ ಕಂಡಿದ್ದೆ. ಭಾವನವರು ಯಾವ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಜಗಲಿಯಲ್ಲಿ ಕುಳಿತು ಯಜಮಾನನನ್ನು ಕೇಳುವುದು, ಹೆಂಡತಿ ಮನೆಯಲ್ಲಿರುತ್ತಾಳೆಂದು ಅವನು ಹೇಳುವುದು, ಕೆಲಸವಿಲ್ಲ ಎಂದು ಇವರು ಬರೆಯುವುದು. ಎದುರು ಮನೆಯ ಸಾಬರ ಹೆಂಡತಿ ಬೀದಿಯ ಅಷ್ಟೂ ರವಿಕೆಗಳನ್ನು ಹೊಲಿಯುತ್ತಿದ್ದರು. ಆಕೆಯ ಮಷಿನ್ನಿನ ಸದ್ದಿನಲ್ಲಿ ಸಾಬರ ಉತ್ತರ ಕೇಳಿಸದೆ, ಭಾವನವರು ಪ್ರಶ್ನೆಯನ್ನು ಎರಡು ಸಲ ಕೇಳಿ, ಆಕೆಯನ್ನೂ ಕೆಲಸವಿಲ್ಲದವರ ಅಂಕಣಕ್ಕೆ ಸೇರಿಸಿದರು.

ಇದನ್ನು ವಿನಯಪೂರ್ವಕವಾಗಿ ನಿವೇದಿಸಿಕೊಂಡೆ. ಸರ್ಕಾರದ ನಮೂನೆಗಿಂತ ನಾನು ದೊಡ್ಡವಳೇ ಎಂದು ಕೇಳಿದ ಭಾವನವರು, ಕೂಸನ್ನು ನೋಡುವವರು ಯಾರೆಂಬ ಕೊನೆಯ ಪ್ರಶ್ನೆಯನ್ನೂ ಹಾಕಿದರು.

ಒಳಗೆ ರೊಟ್ಟಿ ತಟ್ಟುತ್ತಿದ್ದ ಅತ್ತೆ ಕೈಯ ಹಿಟ್ಟು ಉದುರಿಸುತ್ತ ಬಾಗಿಲಿಗೆ ಬಂದರು.

"ಆ ಪುಸ್ತಕದಾಗ ನನ್ನ ಏನಂತ ಬರ್ಕಂಡೀಯಪಾ?"

"ಕೆಲಸ ಇಲ್ಲದಾಕಿ ಅಂತ, ಅವ್ವ. ಮನೆಗೆಲಸ ಲೆಕ್ಕಕ್ಕ ಬರಲ್ಲ."

"ಸರ್ಕಾರನೂ ಒಪ್ಪೈತಾ?"

"ಒಪ್ಪೈತಿ."

"ಹಂಗಾರ ಕೆಲಸ ಇಲ್ದಾಕಿ ನಾನೊಬ್ಬಾಕಿ ಮನ್ಯಾಗ ಖಾಲಿ ಕುಂತೀನಲ್ಲ. ಕೂಸ್ನ ನಾ ನೋಡ್ಕಂತೀನಿ. ಸೊಸಿ ಹೋಗ್ಲಿ ಬಿಡು."

ಭಾವನವರು ಬಹಳ ಹೊತ್ತು ಪುಟ ತಿರುವಿದರು. ಕೆಲಸವಿಲ್ಲದವರಿಗೆ ಪುರಸೊತ್ತೂ ಇಲ್ಲವೆಂದು ಸಾಧಿಸಲು ಬೇಕಾದ ಅಂಕಿ ಆ ಪುಸ್ತಕದಲ್ಲಿ ದೊರೆಯಲಿಲ್ಲ. ನನ್ನ ಗಂಡ ಈ ಸಲ ತಾಯಿಯ ಕಡೆ ತಲೆಯಾಡಿಸಿದರು.

ಹದಿನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಹೊರಟು, ಸೊರಬದಲ್ಲಿ ಬಸ್ಸು ಬದಲಿಸಿ, ಹೊಸಬಾಳೆಯಲ್ಲಿ ಕರ್ತವ್ಯಕ್ಕೆ ಹಾಜರಾದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ಅದೇ ಹೊತ್ತಿಗೆ ಶಿಕಾರಿಪುರದಲ್ಲಿ ಅತ್ತೆ ಸೊಂಟದ ಒಂದು ಬದಿಗೆ ಕೂಸನ್ನೂ ಇನ್ನೊಂದು ಬದಿಗೆ ಕೊಡವನ್ನೂ ಹೊತ್ತು ಬಾವಿಯಿಂದ ಬರುತ್ತಿದ್ದಿರಬೇಕು. ಕೆಲಸದಲ್ಲಿರುವವರ ಪಟ್ಟಿಗೆ ಅಂದು ಸೇರಿದ್ದು ನನ್ನ ಹೆಸರು ಮಾತ್ರ.