ಮೊದಲ ತಿರುವಿನ ಟ್ಯಾಂಕರ್

ಅವಳ ನಿಜವಾದ ಹೆಸರು ರೇಸಿನ ಮಂದಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವಳು ಬುಗುರಿ. ಒಂಬತ್ತನೇ ವಯಸ್ಸಿನಲ್ಲಿ, ಲಾರಿ ಮೆಕ್ಯಾನಿಕ್ ಅಪ್ಪ ಹಳೇ ಪಂಪಿನ ಎಂಜಿನ್ ಕೂರಿಸಿ ಕಟ್ಟಿಕೊಟ್ಟ ಪುಟ್ಟ ಗಾಡಿಯಲ್ಲಿ ಮೊದಲ ರೇಸಿಗೆ ಇಳಿದವಳು, ಮೊದಲ ತಿರುವಿನಲ್ಲೇ ಮೂರು ಸಲ ಗಿರ್ರನೆ ತಿರುಗಿ ಹುಲ್ಲಿನಲ್ಲಿ ಹೋಗಿ ಕೂತಳು. ನೋಡುತ್ತಿದ್ದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಪ್ಪ ನಗಲಿಲ್ಲ. ಬ್ರೇಕ್ ಒತ್ತೋಕೆ ಏನನ್ನ ಗುರುತು ಇಟ್ಕೊಂಡಿದ್ದೆ ಅಂತ ಕೇಳಿದ. ಅಲ್ಲೊಂದು ನಾಯಿ ಮಲಗಿತ್ತು, ಅದು ಎದ್ದು ಹೋಗಿಬಿಡ್ತು ಅಂದಳು ಹುಡುಗಿ.

"ಕದಲೋದನ್ನ ಯಾವತ್ತೂ ಗುರುತು ಇಟ್ಕೋಬೇಡ ಮಗಳೇ," ಅಂದ ಅಪ್ಪ. "ಕಂಬ ನೋಡು, ಕಲ್ಲು ನೋಡು, ರಸ್ತೆ ಮೇಲಿನ ಬಿರುಕು ನೋಡು. ಅವು ಎಲ್ಲಿಗೂ ಹೋಗಲ್ಲ."

ಗೊತ್ತಿಲ್ಲದವರಿಗೆ ಇದೇನು ಮಹಾ ಅನ್ನಿಸಬಹುದು. ಆ ವೇಗದಲ್ಲಿ ಬ್ರೇಕ್ ಎಲ್ಲಿ ಒತ್ತಲಿ ಅಂತ ಯೋಚಿಸುತ್ತ ಕೂತರೆ ಮುಗಿಯಿತು ಕಥೆ. ಕಣ್ಣಿಗೆ ಗುರುತು ಕಾಣಬೇಕು, ಕಾಲು ಒತ್ತಬೇಕು. ತಲೆಗೆ ಅಲ್ಲಿ ಕೆಲಸವಿಲ್ಲ.

ಗೆದ್ದದ್ದೇನು ಕಡಿಮೆಯೇ? ಇಪ್ಪತ್ತಾಗುವ ಹೊತ್ತಿಗೆ ಮನೆಯ ಅಡುಗೆಮನೆ ಕಪಾಟು ಅವಳ ಕಪ್ಪುಗಳಿಂದ ತುಂಬಿ, ಎಲ್ಲಕ್ಕಿಂತ ದೊಡ್ಡದರಲ್ಲಿ ಅಮ್ಮ ಸೌಟು, ಚಮಚ ಹಾಕಿಟ್ಟಿದ್ದಳು. ಇಪ್ಪತ್ಮೂರಕ್ಕೆ ಒಂದು ದೊಡ್ಡ ತಂಡ ಕರೆಯಿತು. ಕರೆದದ್ದು ಓಡಿಸೋಕಲ್ಲ, ಕಾಯೋಕೆ. ಇರುವ ಇಬ್ಬರು ಡ್ರೈವರುಗಳಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಇವಳು ಕಾರು ಹತ್ತಬೇಕು. ಇಡೀ ವರ್ಷ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಳು. ಆ ಇಬ್ಬರೋ ಗುಂಡುಕಲ್ಲಿನ ಹಾಗಿದ್ದರು, ಒಂದು ಸಲ ಸೀನಲೂ ಇಲ್ಲ. ಅದಾದ ಮೇಲೆ ಹೊಟ್ಟೆಪಾಡಿಗೆ ಟೈರ್ ಕಂಪನಿಯ ಕೆಲಸ. ಒದ್ದೆ ರಸ್ತೆಯಲ್ಲಿ ಬೆಳಗಿಂದ ಸಂಜೆವರೆಗೆ ಒಂದೇ ವೇಗ, ಒಂದೇ ಬ್ರೇಕು, ಒಂದೇ ಗುರುತು. ರಜೆಯ ದಿನ ಬೇರೆಯವರ ಮಕ್ಕಳಿಗೆ ಪಾಠ. ಪ್ರತಿ ವರ್ಷ ತಂಡಗಳಿಗೆಲ್ಲ ಬರೆಯುತ್ತಿದ್ದಳು, ಪ್ರತಿ ವರ್ಷ ಅವರು ಮರ್ಯಾದೆಯಿಂದ ಇಲ್ಲ ಅನ್ನುತ್ತಿದ್ದರು.

ಮೂವತ್ತೊಂದಕ್ಕೆ ಒಂದು ಸಣ್ಣ ತಂಡ ಓಡಿಸಿ ತೋರಿಸು ಬಾ ಅಂತು. ಒಂದೇ ಸೀಟು. ಇಬ್ಬರನ್ನು ಕರೆದಿದ್ದರು: ಬೆಳಿಗ್ಗೆ ಎಂಟು ಸುತ್ತು, ಮಧ್ಯಾಹ್ನ ಎಂಟು ಸುತ್ತು, ಮಧ್ಯಾಹ್ನ ಯಾರು ವೇಗವೋ ಅವರಿಗೆ ಸೀಟು. ಇದು ತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಎದುರಿಗಿದ್ದವಳು ಹತ್ತೊಂಬತ್ತರ ಹುಡುಗಿ, ನಾಲ್ಕು ವರ್ಷ ಇವಳ ಕೈಯಲ್ಲೇ ಕಲಿತವಳು.

ಹೊಸ ಟ್ರ್ಯಾಕು. ನೇರ ರಸ್ತೆಯ ಕೊನೆಗೆ ಮೊದಲ ತಿರುವು. ದೂರ ತೋರಿಸುವ ಹಲಗೆಗಳನ್ನು ಬಣ್ಣ ಬಳಿಯಲು ಕಿತ್ತಿದ್ದರು. ಬಿರುಕು ಹುಡುಕಿಕೊಂಡು ಕೂರಲು ಎಂಟು ಸುತ್ತು ಎಲ್ಲಿ ಸಾಕು? ಬೇಲಿಯಾಚೆ ಹುಲ್ಲಿಗೆ ನೀರು ಹಾಕುವ ಬಿಳೀ ಟ್ಯಾಂಕರ್ ನಿಂತಿತ್ತು, ಎಷ್ಟು ದೂರದಿಂದಲೂ ಬೆಳ್ಳಗೆ ಕಾಣುತ್ತಿತ್ತು. ಬುಗುರಿ ಅದರ ಹಿಂದಿನ ಚಕ್ರವನ್ನೇ ಗುರುತು ಇಟ್ಟುಕೊಂಡಳು. ತಪ್ಪು ಅಂತ ಗೊತ್ತಿದ್ದೇ ಮಾಡಿದಳು. ಇಷ್ಟು ವರ್ಷ ಸರಿಯಾದದ್ದನ್ನೇ ಮಾಡಿ ಏನು ಉದ್ಧಾರವಾಯಿತು ಅನ್ನುವ ಸಿಟ್ಟೂ ಇತ್ತು. ಬೆಳಗಿನ ಎಂಟು ಸುತ್ತಿನಲ್ಲಿ ಹುಡುಗಿಗಿಂತ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಮುಂದಿದ್ದಳು.

ಊಟದ ಹೊತ್ತಿನಲ್ಲಿ ಹುಡುಗಿ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತು, ಮೊದಲ ತಿರುವಿಗೆ ಎಲ್ಲಿ ಬ್ರೇಕ್ ಒತ್ತುತ್ತೀರಿ ಅಕ್ಕ ಅಂತ ಕೇಳಿದಳು. ಎದುರಾಳಿಗೆ ಯಾರಾದರೂ ಅದನ್ನ ಹೇಳುತ್ತಾರೆಯೇ? ನಾಲ್ಕು ವರ್ಷ ಉತ್ತರ ಕೊಟ್ಟು ರೂಢಿಯಾದ ಬಾಯಿ, ಟ್ಯಾಂಕರಿನ ಹಿಂದಿನ ಚಕ್ರ ಅಂತ ಹೇಳಿಯೇಬಿಟ್ಟಿತು. ಹುಡುಗಿ ನಕ್ಕು ಊಟ ಮುಂದುವರಿಸಿದಳು.

ಮಧ್ಯಾಹ್ನ ಹುಡುಗಿಯ ಸರದಿ ಮೊದಲು. ಬುಗುರಿ ನೇರ ರಸ್ತೆಯ ಪಕ್ಕ, ತಂಡದವರು ನಿಲ್ಲುವ ಪಿಟ್ ಗೋಡೆಗೆ ಒರಗಿ ನೋಡುತ್ತಿದ್ದಳು. ಮೂರನೇ ಸುತ್ತಿನಲ್ಲಿ ಕಾರು ಆಚೆ ಬದಿಯಲ್ಲಿದ್ದಾಗ, ದೂರದಲ್ಲಿ ಒಬ್ಬ ಮನುಷ್ಯ ಟ್ಯಾಂಕರ್ ಹತ್ತಿ ಕೂತ. ಟ್ಯಾಂಕರ್ ನಿಧಾನಕ್ಕೆ ಹೊರಟು ಶೆಡ್ಡಿನ ಹಿಂದೆ ಮರೆಯಾಯಿತು.

ಕಾರಿನಲ್ಲಿರುವವರ ಜೊತೆ ಮಾತಾಡುವ ರೇಡಿಯೋ ಹಾಕಿಕೊಂಡಿದ್ದ ಎಂಜಿನಿಯರ್ ಎರಡು ಮಾರು ದೂರದಲ್ಲಿದ್ದ. ಒಂದು ಮಾತು ಸಾಕಿತ್ತು. ಟ್ಯಾಂಕರ್ ಹೋಯ್ತು ಅಂತ ಅವಳಿಗೆ ಹೇಳಿ, ಅಷ್ಟೇ. ಬುಗುರಿಯ ನಾಲಿಗೆ ಏಳಲಿಲ್ಲ. ಕೊನೆ ತಿರುವಿನಿಂದ ಕಾರು ನೇರ ರಸ್ತೆಗೆ ನುಗ್ಗಿತು. ಈಗ ಹೇಳು, ಈಗಲಾದರೂ ಹೇಳು ಅಂತ ಒಳಗೊಬ್ಬಳು ಗೋಗರೆಯುತ್ತಿದ್ದಳು. ಇನ್ನೊಬ್ಬಳು ಸೀಟು, ಸೀಟು ಅನ್ನುತ್ತಿದ್ದಳು. ಕಾರು ಕಿವಿ ಒಡೆಯುವಂತೆ ಮುಂದೆ ಹಾದು ಹೋಯಿತು. ಬುಗುರಿ ಎರಡೂ ಕೈಯಲ್ಲಿ ಗೋಡೆ ಹಿಡಿದು ಸುಮ್ಮನೆ ನಿಂತಳು.

ಹುಡುಗಿ ಸರಿಯಾದ ಜಾಗದಲ್ಲೇ ಬ್ರೇಕ್ ಒತ್ತಿ, ನೂಲು ಹಿಡಿದಂತೆ ತಿರುವು ದಾಟಿದಳು. ಬುಗುರಿಗೆ ಸಮಾಧಾನವಾಯಿತು ಅಂತ ಹೇಳಬಹುದಿತ್ತು. ಸುಳ್ಳು ಯಾಕೆ, ಅವಳಿಗೆ ನಿರಾಸೆಯಾಯಿತು. ನಿರಾಸೆಯಾಯಿತಲ್ಲ ಅಂತ ತಿಳಿದ ಮೇಲೆ ಆ ತಿರುವಿನ ಕಡೆ ಮತ್ತೆ ನೋಡಲಿಲ್ಲ.

ಆಮೇಲೆ ಅವಳ ಸರದಿ. ಟ್ಯಾಂಕರ್ ಇಲ್ಲ ಅಂತ ತಲೆಗೆ ಗೊತ್ತು, ಕಾಲಿಗೆ ಯಾರು ಹೇಳಬೇಕು? ಕಣ್ಣು ಬಿಳೀ ಬಣ್ಣ ಹುಡುಕುತ್ತಿತ್ತು, ಸಿಗದೆ ಹೆದರಿ ಕಾಲು ಬೇಗ ಒತ್ತುತ್ತಿತ್ತು. ಪ್ರತಿ ಸುತ್ತಿಗೂ ಹಿಂದೆ ಬೀಳುತ್ತಿದ್ದಳು. ಏಳನೇ ಸುತ್ತಿನಲ್ಲಿ ಹಾಳಾಗಿ ಹೋಗಲಿ ಅಂತ ಕಾಲನ್ನ ಬಿಗಿಹಿಡಿದು ಕಾದಳು. ತಡವಾಯಿತು. ಕಾರು ಗಿರ್ರನೆ ತಿರುಗಿ ಜಲ್ಲಿಕಲ್ಲಿನಲ್ಲಿ ಹೂತು ನಿಂತಿತು.

ಎಲ್ಲರಿಗಿಂತ ಮೊದಲು ಓಡಿ ಬಂದವಳು ಆ ಹುಡುಗಿ. ಏದುಸಿರು ಬಿಡುತ್ತ ಬೆಲ್ಟು ಬಿಚ್ಚಿದಳು, ಕೈಕಾಲು ಮುಟ್ಟಿ ನೋಡಿದಳು, ಅಳುಮೋರೆ ಮಾಡಿಕೊಂಡಳು.

"ನೀವು ನಿಜವಾಗ್ಲೂ ಟ್ಯಾಂಕರನ್ನೇ ನೋಡ್ಕೊಂಡು ಒತ್ತುತ್ತಿದ್ರಾ ಅಕ್ಕ? ನಂಗೆ ಪರೀಕ್ಷೆ ಮಾಡ್ತಿದ್ದೀರಿ ಅಂದ್ಕೊಂಡೆ. ಕದಲೋದನ್ನ ಗುರುತು ಇಟ್ಕೋಬೇಡ ಅಂತ ನೀವೇ ತಾನೆ ಹೇಳಿಕೊಟ್ಟಿದ್ದು? ನಾನು ಬಿರುಕು ನೋಡ್ಕೊಂಡಿದ್ದೆ."

ಬುಗುರಿ ಕಾರಿನಿಂದ ಇಳಿದು ಜಲ್ಲಿಕಲ್ಲಿನ ಮೇಲೆ ಕೂತಳು.

"ನಾನು ಓಡಿಸ್ತಿದ್ದಾಗ ಅದು ಹೋಗಿದ್ದನ್ನ ನೀವು ನೋಡೇ ಇಲ್ಲ ಅನ್ಸುತ್ತೆ," ಅಂದಳು ಹುಡುಗಿ. "ನೋಡಿದ್ರೆ ನಂಗೆ ಹೇಳದೆ ಇರ್ತಿದ್ರಾ?"

"ಇಲ್ಲ ಕಣೇ," ಅಂದಳು ಬುಗುರಿ. "ನೋಡ್ಲಿಲ್ಲ."

ಕಾರು ಎಳೆಯುವ ಗಾಡಿ ಬರಲು ಕಾಲು ಗಂಟೆ ಹಿಡಿಯಿತು. ಬಿಸಿಲು ಸುಡುತ್ತಿತ್ತು, ಹೆಲ್ಮೆಟ್ ತೆಗೀರಿ ಅಕ್ಕ ಅಂತ ಹುಡುಗಿ ಮತ್ತೆ ಮತ್ತೆ ಹೇಳಿದಳು. ಬುಗುರಿ ತೆಗೆಯಲಿಲ್ಲ.