ದೊಡ್ಡಮ್ಮನ ಫ್ರಿಜ್ಜಿನ ಬಾಟಲಿ

2023ರ ಆಗಸ್ಟ್ ಎರಡನೇ ವಾರ, ಸೋಮವಾರ ಬೆಳಿಗ್ಗೆ, ಕೋಗಿಲಿನ ನಮ್ಮ ಮನೆಯಲ್ಲಿ ನಾನು ಅಮ್ಮನ ಎಡಗಣ್ಣಿಗೆ ಬೇರೊಬ್ಬರಿಗೆ ಬರೆದುಕೊಟ್ಟಿದ್ದ ಔಷಧಿ ಹಾಕಿದೆ. ಎರಡು ಹನಿ. ಅಮ್ಮನಿಗೆ ಕಾಣುವುದು ಆ ಒಂದು ಕಣ್ಣು ಮಾತ್ರ. ಬಲಗಣ್ಣನ್ನು ಚಿಕ್ಕಂದಿನಲ್ಲೇ ಸಿಡುಬು ತಿಂದಿತ್ತು.

ಆ ವಾರ ನಮ್ಮ ಬೀದಿಯಲ್ಲಿ ಮದ್ರಾಸ್ ಐ ಬಾರದ ಮನೆ ಇರಲಿಲ್ಲ. ಜಮೀನೆಲ್ಲ ಲೇಔಟ್ ಆದ ಮೇಲೆ ಅಪ್ಪನ ಅಣ್ಣತಮ್ಮಂದಿರು ಅಕ್ಕಪಕ್ಕದಲ್ಲೇ ಮೂರು ಮೂರು ಅಂತಸ್ತು ಕಟ್ಟಿಕೊಂಡಿದ್ದಾರೆ. ಮೊಸರಿಗೆ ಹೆಪ್ಪು ಇವತ್ತಿಗೂ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಕಣ್ಣಿನ ಔಷಧಿಯ ಬಾಟಲಿಯೂ ಹಾಗೇ ಹೊರಟಿತು. ಅದು ದೊಡ್ಡಪ್ಪನ ಪೊರೆ ಆಪರೇಷನ್ನಿಗೆ ಕೊಟ್ಟದ್ದು. ಮಿಕ್ಕಿದ್ದನ್ನು ದೊಡ್ಡಮ್ಮ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಮೊಮ್ಮಕ್ಕಳು, ಸೊಸೆ, ಮಹಡಿಯ ಬಾಡಿಗೆಯವರು, ಎಲ್ಲರ ರೆಪ್ಪೆಗೂ ಅದರ ಮೂತಿ ತಾಗಿತ್ತು.

“ಆಕಪ್ಪ. ನಮ್ಮನೇಲಿ ಆರ್ ಜನಕ್ಕೆ ಆಕಿವ್ನಿ. ಒಬ್ರಾದ್ರೂ ಕುರುಡ್ರಾದ್ರಾ?” ಎಂದರು ದೊಡ್ಡಮ್ಮ.

“ನಿಂಗೆ ಡಾಕ್ಟ್ರು ಕೆಲ್ಸ ಯಾವಾಗ್ ಸಿಕ್ತಕ್ಕಾ?” ಅಮ್ಮ ನಕ್ಕರು.

“ನಿನ್ ಮಗ ಪೇಪರ್‌ನೋನಲ್ವಾ, ಓದಿ ಆಕ್ಲಿ ಬಿಡು.”

ನಾನು ಓದಲಿಲ್ಲ. ಇಪ್ಪತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ವರದಿಗಳ ತಪ್ಪು ಹುಡುಕಿದವನು ಲೇಬಲ್ ನೋಡದೆ ಮುಚ್ಚಳ ತೆಗೆದೆ. ಶನಿವಾರ ಹಸುವಿಗೆ ಒಣಹುಲ್ಲು ಹಾಕುವಾಗ ಎಸಳು ಕಣ್ಣಿಗೆ ಚುಚ್ಚಿತು ಎಂದು ಅಮ್ಮ ಹೇಳಿದ್ದರು. ಭಾನುವಾರ ಆ ಕಣ್ಣು ಕೆಂಪಾಗಿತ್ತು. ಬೀದಿಗೆ ಬೀದಿಯೇ ಕಣ್ಣು ಕೆಂಪು ಮಾಡಿಕೊಂಡಿದ್ದಾಗ ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಗಳವಾರ ಕೆಂಪು ಇಳಿಯಿತು. ದೊಡ್ಡಮ್ಮ ಗೆದ್ದರು. ನಾನು ಮತ್ತೆ ನಾಲ್ಕು ಸಲ ಹಾಕಿದೆ.

ಬುಧವಾರ ಬೆಳಿಗ್ಗೆ ಅಮ್ಮ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಬೆಳಕು ಚುಚ್ಚುತ್ತಿತ್ತು. “ನಿನ್ ಮುಖ ಮಂಜಾಗೈತೆ ಕಣೋ,” ಎಂದರು. ಕರಿಗುಡ್ಡೆಯ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಇತ್ತು.

ಹೆಬ್ಬಾಳದ ಕಣ್ಣಾಸ್ಪತ್ರೆಗೆ ಆಟೋದಲ್ಲಿ ಹೊರಟೆವು. ಫ್ಲೈಓವರ್ ಹತ್ತಿರ ವಾಹನಗಳು ನಿಂತುಬಿಟ್ಟವು. ಮುಂದಿದ್ದ ಬಸ್ಸಿನ ಹಿಂದೆ ಏನು ಬರೆದಿದೆ ಎಂದು ಅಮ್ಮ ಕೇಳಿದರು. ಅಂಗೈ ಅಗಲದ ಅಕ್ಷರಗಳಿದ್ದವು. ಓದಿ ಹೇಳಿದೆ.

ವೈದ್ಯೆ ಮೊದಲು ಕೇಳಿದ್ದು, “ಏನ್ ಹಾಕಿದ್ರಿ?”

ಬಾಟಲಿ ಕೊಟ್ಟೆ. ಅವರು ಲೇಬಲ್ ಓದಿದರು.

“ಇದ್ರಲ್ಲಿ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಇದೆ. ಮೇಲೆ ಕೆಂಪು ಇಳಿಸುತ್ತೆ, ಒಳಗೆ ಹುಣ್ಣು ಬೆಳೆಯೋಕೆ ಬಿಡುತ್ತೆ. ಯಾವಾಗ ಓಪನ್ ಮಾಡಿದ್ದು?”

“ಫೆಬ್ರವರಿ ಇರಬೇಕು.”

“ತಿಂಗಳಾದ್ಮೇಲೆ ಬಿಸಾಕ್ಬೇಕು ಸರ್.”

“ಬೀದೀಲಿ ಎಲ್ಲರಿಗೂ ವಾಸಿ ಆಯ್ತಲ್ಲ?”

“ಮದ್ರಾಸ್ ಐ ವೈರಸ್. ಅದು ತಾನಾಗೇ ಹೋಗಿದೆ. ಅಮ್ಮಂದು ಅದಲ್ಲ, ಏನೋ ಚುಚ್ಚಿ ಗುಡ್ಡೆ ಮೇಲೆ ಆಗಿರೋ ಹುಣ್ಣು.”

“ಕಣ್ ಉಳಿತದಾ ತಾಯಿ?” ಅಮ್ಮ ಕೇಳಿದರು.

“ಎರಡು ದಿನ ಗಂಟೆಗೊಂದು ಹನಿ, ರಾತ್ರೀನೂ. ಶುಕ್ರವಾರ ಬನ್ನಿ. ಈಗ್ಲೇ ಏನೂ ಹೇಳಲ್ಲ.”

ಹುಣ್ಣಿನಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸಿದರು. ನರ್ಸ್ ನನ್ನ ಕೈಯಲ್ಲೇ ಹಾಕಿಸಿ ಕಲಿಸಿದರು: ಸೋಪಿನಿಂದ ಕೈ ತೊಳೆದು, ಕೆಳರೆಪ್ಪೆ ಎಳೆದು, ಮೂತಿ ಎಲ್ಲೂ ತಾಗದಂತೆ ಒಂದೇ ಹನಿ. ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಬೇಕು. ಇನ್ನೊಂದು ಔಷಧಿ ಐದು ನಿಮಿಷ ಬಿಟ್ಟು. ಮುಲಾಮು ಕೊನೆಗೆ, ಅಕ್ಕಿಕಾಳಿನುದ್ದ, ರೆಪ್ಪೆಯ ಒಳಗೆ. ಅದು ಹಾಕಿದ ಮೇಲೆ ಸ್ವಲ್ಪ ಹೊತ್ತು ಮಂಜಾಗುತ್ತದೆ, ಹೆದರಬೇಡಿ ಎಂದರು. ನಾವು ಹೆದರಿದೆವು. ಪ್ರತಿ ಸಲ ಆ ಮಂಜು ಮುಲಾಮಿನದೋ ಹುಣ್ಣಿನದೋ ಗೊತ್ತಾಗುತ್ತಿರಲಿಲ್ಲ.

ಹಾಕಿದ ಹೊತ್ತನ್ನು ಹಾಳೆಯಲ್ಲಿ ಗುರುತು ಮಾಡುತ್ತಾ ಹೋದೆ. ಗುರುವಾರ ದೊಡ್ಡಮ್ಮ ಬಂದು ಬಾಗಿಲಲ್ಲೇ ನಿಂತರು. “ನಾನೇ ಆಕು ಅಂದಿದ್ದು,” ಎಂದರು.

“ಆಕಿದ್ದು ಇವ್ನು,” ಎಂದರು ಅಮ್ಮ. “ಬಾ, ಕೂತ್ಕೋ.”

ಶುಕ್ರವಾರದ ವರದಿಯಲ್ಲಿ ಬ್ಯಾಕ್ಟೀರಿಯಾ ಎಂದಿತ್ತು, ಫಂಗಸ್ ಕಂಡಿರಲಿಲ್ಲ. ಚುಕ್ಕೆ ಬೆಳೆದಿರಲಿಲ್ಲ. ಹನಿ ಎರಡು ಗಂಟೆಗೊಮ್ಮೆಗೆ ಇಳಿಯಿತು, ಆಮೇಲೆ ನಾಲ್ಕು ಗಂಟೆಗೊಮ್ಮೆಗೆ. ಕಣ್ಣು ಹಗುರಾದ ಮೇಲೂ ವೈದ್ಯೆ ಹೇಳುವವರೆಗೆ ನಿಲ್ಲಿಸಲಿಲ್ಲ. ಹುಣ್ಣು ಒಣಗಲು ಐದು ವಾರ ಹಿಡಿಯಿತು.

ಕಳೆದ ತಿಂಗಳ ತಪಾಸಣೆಯಲ್ಲಿ ಅಮ್ಮ ಗೋಡೆಯ ಏಳು ಸಾಲಿನ ಚಾರ್ಟನ್ನು ಐದನೇ ಸಾಲಿನವರೆಗೆ ಓದಿದರು. ಗುಡ್ಡೆಯ ಅಂಚಿನಲ್ಲಿ ಬಿಳಿ ಕಲೆ ಉಳಿದಿದೆ.