ಮೂರನೆಯ ಹೆಸರು

ಸಾವಿರದ ಒಂಬೈನೂರ ಐವತ್ತೆಂಟು, ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಒಂದು ಶನಿವಾರ, ಬೆಳಗ್ಗೆ ಹತ್ತೂವರೆ ಗಂಟೆ. ಸ್ಥಳ, ಶಿಕಾರಿಪುರದ ನಮ್ಮ ಚರ್ಚಿನಲ್ಲಿ ಪೂಜಾವಸ್ತ್ರಗಳನ್ನಿಡುವ ಹಿಂದಿನ ಕೋಣೆ. ಹಾಜರಿದ್ದವರು: ಆಗಿನ ಗುರುಗಳು, ಸೊರಬದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಇನಾಸ, ಅವನ ಪಕ್ಕದ ಮನೆಯ ನೀಲಮ್ಮ, ಇನಾಸನ ತೋಳಿನಲ್ಲಿ, ಬಿಳಿ ಪಂಚೆಯಲ್ಲಿ ಸುತ್ತಿದ್ದ ಅವನ ಮಗಳು — ಅಂದೇ ನಸುಕಿನಲ್ಲಿ ಹುಟ್ಟಿ, ಬೆಳಕು ಹರಿಯುವಷ್ಟರಲ್ಲಿ ತೀರಿಕೊಂಡವಳು, ಮತ್ತು ನಾನು.

ಅಲ್ಲಿ ನಾನು ಒಂದು ನಿಜ ಹೇಳಿದೆ. ನಾನು ಮಾಡಿದ ತಪ್ಪು ಅದೇ.

ಇದನ್ನು ಬೇರೆ ಬೇರೆ ಗುರುಗಳ ಮುಂದೆ ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ. ಎಲ್ಲರೂ ಒಂದೇ ಮಾತು ಹೇಳಿದರು: ನೀವು ನಿಯಮದಂತೆ ನಡೆದಿರಿ, ಇದು ಪಾಪವಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪಾಪವಲ್ಲದ್ದಕ್ಕೆ ಕ್ಷಮೆ ಕೊಡಲು ಬರುವುದಿಲ್ಲವಂತೆ. ನಾನು ಒಪ್ಪುವುದಿಲ್ಲ. ಆಗಲೂ ಒಪ್ಪಲಿಲ್ಲ, ಈಗಲೂ ಇಲ್ಲ. ಅದು ಪಾಪವೇ. ನನ್ನದೇ.

ಈಗೇಕೆ ಬರೆಯುತ್ತಿದ್ದೇನೆಂದರೆ — ಸೊರಬದ ಮನೆಗಳಲ್ಲಿ ನನ್ನ ಬಗ್ಗೆ ಒಂದು ಕಥೆ ಇದೆ. ಜ್ಞಾನಸ್ನಾನವಾಗದೆ ಸತ್ತ ಒಂದು ಹಸುಗೂಸಿಗಾಗಿ, ನಿಯಮ ಮೀರಿ, ಚರ್ಚಿನ ಗಂಟೆ ಬಾರಿಸಿದ ಟೀಚರಮ್ಮ ಎಂದು. ಈಗಿನ ಫಾದರ್ ಅದನ್ನು ಕೇಳಿಸಿಕೊಂಡು ನನ್ನ ಮನೆಗೆ ಬಂದರು. ಚರ್ಚಿನ ವಿಶೇಷ ಸಂಚಿಕೆಗೆ ಕರುಣೆಯ ಬಗ್ಗೆ ಒಂದು ಲೇಖನ ಬೇಕು, ಆ ಘಟನೆಯನ್ನೇ ಬರೆದುಕೊಡಿ ಎಂದರು. ಜೊತೆಗೆ ನನ್ನದೊಂದು ಫೋಟೋ. ಫೋಟೋ ಕೊಡುವುದಿಲ್ಲ. ಘಟನೆ ಇಲ್ಲಿದೆ. ಅಚ್ಚು ಹಾಕುವುದಾದರೆ ಇದ್ದಂತೆಯೇ ಹಾಕಲಿ, ಇಲ್ಲವಾದರೆ ಬೇಡ.

ಆಗ ನನಗೆ ಇಪ್ಪತ್ತಾರು ವರ್ಷ. ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ ಬೆಳೆದವಳು. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಮಾತು ನಿಲ್ಲಿಸುವುದಕ್ಕೂ ಗಂಟೆ. ನನಗದು ಕಷ್ಟವಾಗಲಿಲ್ಲ, ಇಷ್ಟವಾಯಿತು. ಇವತ್ತಿಗೂ ನನ್ನ ಮನೆಯಲ್ಲಿ ಚಮಚ ಚಮಚದ ಜಾಗದಲ್ಲೇ ಇರುತ್ತದೆ. ಶಿಕಾರಿಪುರದ ಚರ್ಚಿನಲ್ಲಿ ಎರಡು ಕೆಲಸ ನನ್ನವು. ಬಲಿಪೀಠ, ವಸ್ತ್ರ, ಗಂಟೆ ನೋಡಿಕೊಳ್ಳುವುದು ಒಂದು. ಮನೆಗಳಿಗೆ ಹೋಗಿ ಧರ್ಮೋಪದೇಶ ಕಲಿಸುವುದು ಇನ್ನೊಂದು. ಸೊರಬದಲ್ಲಿ ಚರ್ಚು ಇರಲಿಲ್ಲ. ನಮ್ಮವರದು ಬೆರಳೆಣಿಕೆಯ ಮನೆಗಳು. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಇನಾಸನ ಹೆಂಡತಿ ಲೂಸಿಯ ಮನೆಯಲ್ಲಿ ಹೆಂಗಸರನ್ನು ಸೇರಿಸಿ ಪಾಠ ಮಾಡುತ್ತಿದ್ದೆ. ಪಾಠ ಎಂದರೆ ಪಾಠವೇ — ಒಂದು ಅಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ.

ನೀಲಮ್ಮ ಪಕ್ಕದ ಮನೆಯವಳು. ಜಡೆ ಎಂಬ ಊರಿನಿಂದ ಮದುವೆಯಾಗಿ ಬಂದವಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಆ ಕೇರಿಯ ಹೆರಿಗೆಗಳಿಗೆಲ್ಲ ಅವಳೇ ಹೋಗುತ್ತಿದ್ದಳು. ನಮ್ಮ ಪಾಠ ನಡೆಯುವಾಗ ಮೊರ ಹಿಡಿದು ಬಂದು, ಬಾಗಿಲ ಪಕ್ಕ ಕೂತು, ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಒಂದು ದಿನ ನಾನು ತುರ್ತಿನ ಜ್ಞಾನಸ್ನಾನದ ಬಗ್ಗೆ ಹೇಳುತ್ತಿದ್ದೆ. ಮಗು ಉಳಿಯುವುದಿಲ್ಲ ಎನ್ನಿಸಿದರೆ ಗುರುಗಳಿಗಾಗಿ ಕಾಯಬೇಕಿಲ್ಲ. ಯಾರಾದರೂ ಸರಿ, ತಲೆಯ ಮೇಲೆ ನೀರು ಹಾಕಿ, ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಿದರೆ ಸಾಕು — ಎಂದೆ.

ಯಾರಾದ್ರೂ ಅಂದ್ರೆ ನಾನೂ ಹಾಕ್ಬಹುದೇನ್ರೀ ಟೀಚರಮ್ಮ, ಎಂದು ನೀಲಮ್ಮ ಕೇಳಿದಳು. ಹೌದು ಎಂದೆ. ಹಂಗಾದ್ರೆ ಹೇಳ್ಕೊಡಿ, ಲೂಸಿಗೆ ತಿಂಗಳು ತುಂಬ್ತಾ ಐತೆ, ನೀವು ಬರೋ ಬಸ್ಸು ನಂಬ್ಕೊಂಡು ಕೂಸು ಹುಟ್ತದಾ, ಎಂದು ನಕ್ಕಳು. ಲೂಸಿಯೂ ನಕ್ಕಳು. ಅವಳಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನಿಂತ ಬಸಿರು ಅದು.

ನಾನು ಹೇಳಿಕೊಟ್ಟೆ. ಬಾಯಿಪಾಠ ಮಾಡಿಸಿದೆ. ಸರಿಯಾಗಿ ಬರುವವರೆಗೂ ಬಿಡಲಿಲ್ಲ. ಅಪ್ಪ, ಮಗ ಗೊತ್ತಾಯ್ತು, ಈ ಮೂರನೇದೋರು ಮನೆಗೆ ಏನಾಗ್ಬೇಕು ಎಂದು ಅವಳು ಕೇಳಿದಾಗ ಹೆಂಗಸರೆಲ್ಲ ನಗಾಡಿದರು. ನಾನು ನಗಲಿಲ್ಲ. ಅರ್ಥ ಆಮೇಲೆ, ಮೊದಲು ಮಾತು ಕಲಿ ಎಂದೆ. ಆ ಅರ್ಥವನ್ನು ಅವಳಿಗೆ ಯಾವತ್ತೂ ಹೇಳಲಿಲ್ಲ.

ಮತ್ತೆ ಆ ಶನಿವಾರಕ್ಕೆ ಬರುತ್ತೇನೆ.

ಅವರು ಬೆಳಗಿನ ಬಸ್ಸಿಗೆ ಬಂದಿದ್ದರು. ದಾರಿಯುದ್ದಕ್ಕೂ ಇನಾಸ ಮಗುವನ್ನು ಮಲಗಿದ ಕೂಸಿನಂತೆ ಎದೆಗೊತ್ತಿಕೊಂಡು ಕೂತಿದ್ದನಂತೆ. ಬಾಣಂತಿ ಬರುವ ಹಾಗಿರಲಿಲ್ಲ. ಅವಳ ಬದಲಿಗೆ ನಾನು ಬಂದಿದೀನಿ ಎಂದಳು ನೀಲಮ್ಮ. ಗುರುಗಳು ಕೇಳಿದರು, ಜ್ಞಾನಸ್ನಾನ ಆಗಿದೆಯೇ? ಆಗಿದೆ, ನೀಲಕ್ಕ ನೀರು ಹಾಕಿದ್ಲು, ಎಂದ ಇನಾಸ.

ಜ್ಞಾನಸ್ನಾನ ಪಡೆದು ಸತ್ತ ಹಸುಗೂಸಿನ ಮಣ್ಣಿಗೆ ನಮ್ಮಲ್ಲಿ ಕಪ್ಪು ವಸ್ತ್ರವಿಲ್ಲ, ಬಿಳಿಯದು. ತಲೆಗೆ ಹೂವಿನ ಕಿರೀಟ. ಗಂಟೆಯೂ ಸಾವಿನ ಗಂಟೆಯಲ್ಲ, ಹಬ್ಬದ ಗಂಟೆ — ಮಗು ನೇರ ಸ್ವರ್ಗಕ್ಕೆ ಹೋಯಿತಲ್ಲ, ಅಳುವುದೇಕೆ ಎಂದು. ಇದನ್ನೆಲ್ಲ ಲೂಸಿಗೆ ಕಲಿಸಿದವಳೂ ನಾನೇ. ಗಂಟೆ ಹೆಂಗೆ ಹೊಡೆದ್ರು ಅಂತ ಬಂದು ನಂಗೆ ಹೇಳ್ಬೇಕು ಎಂದು ಅವಳು ಗಂಡನಿಗೆ ಹೇಳಿ ಕಳಿಸಿದ್ದಳು. ಮನೆಯೊಳಗೆ ಮಲಗಿದ್ದ ಆ ತಾಯಿಗೆ ಮಗಳಿಂದ ಸಿಗಬಹುದಾಗಿದ್ದದ್ದು ಅದೊಂದೇ — ಒಂದು ಗಂಟೆಯ ಸುದ್ದಿ.

ಗುರುಗಳು ಬಿಳಿ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡರು. ನಾನು ಅಂಗಳದ ನಂದಿಬಟ್ಟಲು ಕಿತ್ತು, ಬೇಗಬೇಗ ಒಂದು ಪುಟ್ಟ ಕಿರೀಟ ಕಟ್ಟಿದೆ. ಅಳತೆ ಸರಿಯಾಗಿತ್ತು. ಅಲ್ಲಿಗೆ ಸುಮ್ಮನಿದ್ದಿದ್ದರೆ — ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಾನೇ ನೀಲಮ್ಮನ ಕಡೆ ತಿರುಗಿ, ಏನು ಹೇಳಿ ನೀರು ಹಾಕಿದೆ, ಹೇಳು ನೋಡೋಣ ಎಂದೆ. ಪಾಠ ಒಪ್ಪಿಸು ಎನ್ನುವ ದನಿಯಲ್ಲಿ.

ಅವಳು ಹೇಳಿದಳು. "ಅಪ್ಪನ ಹೆಸರಲ್ಲಿ ಅಂದೆ, ಮಗನ ಹೆಸರಲ್ಲಿ ಅಂದೆ. ಮೂರನೇದು ಬಾಯಿಗೆ ಬರಲಿಲ್ಲ ಕಣ್ರೀ. ಕೂಸು ಉಸಿರಿಗೆ ಬಾಯಿ ಬಿಡ್ತಿತ್ತು. ಕಾಯೋಕೆ ಆಗ್ಲಿಲ್ಲ. ಮೇಲೆ ಇನ್ಯಾರು ಇದಾರೋ ಅವರ ಹೆಸರಲ್ಲೂ ಅಂದು ಹಾಕ್ಬಿಟ್ಟೆ."

ಗುರುಗಳು ತಮಿಳುನಾಡಿನ ಕಡೆಯವರು, ವಯಸ್ಸಾದವರು. ಅವರ ಕನ್ನಡ ಪುಸ್ತಕದ ಕನ್ನಡ. ನೀಲಮ್ಮನ ಮಾತು ಅವರಿಗೆ ಅರ್ಥವಾಗಿತ್ತೆಂದೇ ನನ್ನ ನಂಬಿಕೆ. ಅವರು ನನ್ನ ಮುಖ ನೋಡಿ, ಮೆಲ್ಲಗೆ, ಒಂದೊಂದೇ ಪದ ಹುಡುಕಿ, "ಎಲ್ಲವೂ ಸರಿಯಾಗಿಯೇ ಆಗಿದೆ, ಅಲ್ಲವೇ ತಾಯಿ?" ಎಂದು ಕೇಳಿದರು.

ಅದು ಪ್ರಶ್ನೆಯಾಗಿರಲಿಲ್ಲ. ಅರ್ಧ ತೆರೆದ ಬಾಗಿಲಾಗಿತ್ತು. ಹೂಂ ಎಂದಿದ್ದರೆ ಸಾಕಿತ್ತು. ತಲೆಯಾಡಿಸಿದ್ದರೂ — ಸುಮ್ಮನೆ ಕಿರೀಟ ಎತ್ತಿ ಕೊಟ್ಟಿದ್ದರೂ —

"ಇಲ್ಲ ಫಾದರ್. ಮೂರನೆಯ ಹೆಸರು ಹೇಳಿಲ್ಲ. ಜ್ಞಾನಸ್ನಾನ ಆಗಿಲ್ಲ" ಎಂದೆ.

ಆ ಕ್ಷಣದಲ್ಲಿ ನನ್ನೊಳಗೆ ಏನಿತ್ತು ಎಂದು ಎಷ್ಟೋ ಸಲ ಹುಡುಕಿದ್ದೇನೆ. ದೇವರ ಭಯ ಇರಲಿಲ್ಲ. ನಿಯಮದ ಮೇಲಿನ ಭಕ್ತಿ ಎಂದರೂ ಪೂರ್ತಿ ನಿಜವಲ್ಲ. ಇದ್ದದ್ದು ಸಿಡುಕು. ಅಷ್ಟು ಸಲ ಬಾಯಿಪಾಠ ಮಾಡಿಸಿದ್ದೆ, ಇವಳು ತಪ್ಪಿಸಿದಳಲ್ಲ ಎಂಬ ಸಿಡುಕು. ಪಂಚೆಯೊಳಗಿನ ಮಗು ನನಗೆ ಕಾಣಲಿಲ್ಲ. ಒಪ್ಪಿಸಲಾಗದ ಪಾಠ ಕಂಡಿತು. ಬೋರ್ಡಿಂಗಿನ ಶಿಸ್ತು ಹೀಗೆ ಮಾಡಿತು ಎಂದು ಯಾರೂ ನನ್ನ ಪರವಾಗಿ ಹೇಳುವುದು ಬೇಡ. ಅದೇ ಬೋರ್ಡಿಂಗಿನಲ್ಲಿ ಬೆಳೆದ ಎಷ್ಟೋ ಹುಡುಗಿಯರು ಹೂಂ ಎನ್ನುತ್ತಿದ್ದರು.

ಗುರುಗಳು ಬಿಳಿ ಪಟ್ಟಿ ತೆಗೆದು, ಮಡಿಸಿ, ಮೇಜಿನ ಮೇಲಿಟ್ಟರು. ನಾನು ಹೇಳಿಬಿಟ್ಟ ಮೇಲೆ ಅವರು ಬೇರೇನೂ ಮಾಡುವಂತಿರಲಿಲ್ಲ. ಆಗಿನ ನಿಯಮದ ಪ್ರಕಾರ ಜ್ಞಾನಸ್ನಾನವಿಲ್ಲದ ಮಗುವಿಗೆ ಮಂತ್ರಿಸಿದ ನೆಲದಲ್ಲಿ ಜಾಗವಿಲ್ಲ. ಸ್ಮಶಾನದ ಗೋಡೆಯ ಆಚೆ, ಲಂಟಾನ ಪೊದೆಯ ಪಕ್ಕ, ಇನಾಸನೇ ಅಗೆದ. ಗುರುಗಳು ಗೋಡೆಯ ಆಚೆಗೇ ಹೋಗಿ, ವಸ್ತ್ರವಿಲ್ಲದೆ, ಬಿಸಿಲಿನಲ್ಲಿ ಬರಿದಲೆಯಲ್ಲಿ ನಿಂತರು. ತುಟಿ ಅಲುಗುತ್ತಿತ್ತು. ನಾನು ಗೋಡೆಯ ಈಚೆ ನಿಂತಿದ್ದೆ.

ಕೋಣೆಯಿಂದ ಹೊರಡುವ ಮೊದಲು ನೀಲಮ್ಮ ಮೇಜಿನ ಮೇಲಿದ್ದ ಕಿರೀಟವನ್ನು ತೆಗೆದುಕೊಂಡಿದ್ದಳು. ಬೇಡ ಎನ್ನಲು ನಾನು ಕೈ ಚಾಚಿದೆ. ಹೂವಿಗೂ ಕಾನೂನು ಐತಾ ಎಂದಳು. ಕೈ ಹಿಂದಕ್ಕೆ ತೆಗೆದೆ. ಅದನ್ನು ಅವಳೇ ಮಗುವಿನ ತಲೆಗಿಟ್ಟಳು.

ಮಣ್ಣು ಮುಚ್ಚಿದ ಮೇಲೆ ಇನಾಸ ಗಂಟೆಗೂಡಿನ ಕಡೆ ನೋಡುತ್ತ ನಿಂತ. ಕೇಳಲಿಲ್ಲ. ಅವನ ಪರವಾಗಿ ನೀಲಮ್ಮನೇ ಕೇಳಿದಳು, ಗಂಟೆ? ಅದು ಈ ಮಗುವಿಗಿಲ್ಲ ಎಂದೆ. ಆಗ ನೀಲಮ್ಮ ದನಿ ಏರಿಸದೆ ಹೇಳಿದ ಮಾತು ಇದು:

"ಹೇಳ್ಕೊಟ್ಟೋರು ನೀವು. ಮರೆತೋಳು ನಾನು. ಕೂಸು ಏನು ಮಾಡಿತ್ತು ಟೀಚರಮ್ಮ?"

ನಾನು ವಸ್ತ್ರಗಳ ಕೋಣೆಗೆ ಹಿಂದಿರುಗಿದೆ.

ಹದಿನೈದು ದಿನ ಕಳೆದು ಸೊರಬಕ್ಕೆ ಹೋದೆ. ಪಾಠದ ದಿನ, ಹೋಗಲೇಬೇಕಿತ್ತು. ಲೂಸಿ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡವಳೇ ಎರಡೂ ಕೈ ಹಿಡಿದುಕೊಂಡಳು. ಗಂಟೆ ಬಾರಿಸಿದ್ರಂತೆ, ಬಸ್ ಸ್ಟ್ಯಾಂಡಿನವರೆಗೂ ಕೇಳಿಸ್ತಂತೆ ಎಂದಳು. ನಾನು ನೀಲಮ್ಮನನ್ನು ನೋಡಿದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಂಜೆಗಾದ್ರೂ ನಿಮ್ಮ ಮನಸ್ಸು ಕರಗ್ತಲ್ಲ ಎಂದು ಅವಳೂ ಅಂದಳು. ಬಸ್ಸಿಗೆ ಕಾಯುತ್ತ ಕೂತಿದ್ದರಂತೆ. ಗಂಟೆ ಕೇಳಿದ ಕೂಡಲೇ, ನೋಡು ಇನಾಸ, ಹೊಡೆದ್ರು ಎಂದು ಇವಳೇ ಹೇಳಿದಳಂತೆ. ಅವನು ಎದ್ದು ನಿಂತು, ತಲೆಯ ವಸ್ತ್ರ ತೆಗೆದು, ಗಂಟೆ ಮುಗಿಯುವವರೆಗೂ ಕೂರಲಿಲ್ಲವಂತೆ.

ಆಗ ನನಗೆ ತಿಳಿಯಿತು. ಅವರು ಕೇಳಿದ್ದು ಸಂಜೆ ಆರರ ಪ್ರಾರ್ಥನೆಯ ಗಂಟೆ. ದಿನವೂ ಬಾರಿಸುವುದು. ನೀಲಮ್ಮನಿಗೆ ಅದು ಗೊತ್ತಿರಲಿಲ್ಲ. ಇನಾಸನಿಗೆ ಗೊತ್ತಿತ್ತು. ಶಿಕಾರಿಪುರದಲ್ಲಿ ಚಿಕ್ಕಂದಿನಿಂದ ಆ ಗಂಟೆ ಕೇಳಿ ಬೆಳೆದವನು ಅವನು. ಆರರ ಗಂಟೆಗೂ ಹಬ್ಬದ ಗಂಟೆಗೂ ಇರುವ ವ್ಯತ್ಯಾಸ ಅವನಿಗೆ ಗೊತ್ತಿಲ್ಲದೆ ಇಲ್ಲ. ಅವನು ಅವಳನ್ನು ತಿದ್ದಲಿಲ್ಲ. ಮನೆಗೆ ಬಂದು ಹೆಂಡತಿಗೂ ಹಾಗೆಯೇ ಹೇಳಿದ. ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ — ಈಗಲೂ ಸರಿಪಡಿಸುತ್ತೀಯಾ ಎನ್ನುವಂತೆ.

ನಾನು ಬಾಯಿ ತೆರೆಯಲಿಲ್ಲ. ಅದನ್ನು ಕರುಣೆ ಎಂದು ಯಾರೂ ಕರೆಯಬೇಡಿ. ಮಗುವಿಗಾಗಿ ಆಡಲಾರದ ಸುಳ್ಳನ್ನು ನನ್ನ ಮರ್ಯಾದೆಗಾಗಿ ಮೌನದಲ್ಲಿ ಆಡಿದೆ. ಆಮೇಲೆ ವರ್ಷವರ್ಷವೂ ಲೂಸಿ ನನಗೆ ಕ್ರಿಸ್ಮಸ್ಸಿಗೆ ಕಜ್ಜಾಯ ಕಳಿಸಿದಳು. ತಿಂದೆ. ಅವಳಾದ ಮೇಲೆ ಅವಳ ತಂಗಿಯ ಮಕ್ಕಳು ಆ ಕಥೆ ಹೇಳಿದರು. ಕೇಳಿದೆ.

ಲೂಸಿ ಬದುಕಿದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಷ್ಟು ಕಲಿತಿದ್ದೇನೆ. ಅವಳಿಲ್ಲ, ಇನಾಸನಿಲ್ಲ, ನೀಲಮ್ಮನೂ ಇಲ್ಲ. ಈಗ ಈ ನಿಜದಿಂದ ನೋಯಬೇಕಾದವಳು ನಾನೊಬ್ಬಳೇ. ಆದ್ದರಿಂದ ಹೇಳುತ್ತೇನೆ.

ಈಗಿನ ಫಾದರ್ ಇದನ್ನು ಓದಿದರೆ ಸಮಾಧಾನ ಹೇಳಲು ಬರುತ್ತಾರೆ, ನನಗೆ ಗೊತ್ತು. ಅಂಥ ಮಕ್ಕಳನ್ನು ಈಗ ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ಅವರಿಗೂ ಪ್ರಾರ್ಥನೆ ಇದೆ ಎನ್ನುತ್ತಾರೆ. ಒಳ್ಳೆಯದು. ಆ ಮಗುವಿನ ಬಗ್ಗೆ ನನಗೆ ಯಾವತ್ತೂ ಭಯವಿರಲಿಲ್ಲ. ಮೇಲೆ ಇರುವವರೆಲ್ಲರ ಹೆಸರಿನಲ್ಲಿ ನೀರು ಹಾಕಿಸಿಕೊಂಡು ಹೋದವಳನ್ನು ಅಲ್ಲಿ ಯಾರೂ ಪಾಠ ಒಪ್ಪಿಸು ಎಂದು ಕೇಳಿರಲಾರರು. ನಿಯಮ ಬದಲಾಯಿತು ಎಂದು ನನ್ನ ಮಾತು ಬದಲಾಗುವುದಿಲ್ಲ. ನನಗೆ ವಿನಾಯಿತಿ ಬೇಡ. ಇದನ್ನು ಪಾಪವೆಂದು ಒಪ್ಪಿಕೊಳ್ಳುವ ಗುರುಗಳು ಯಾರಾದರೂ ಸಿಕ್ಕರೆ ಅವರ ಮುಂದೆ ಮೊಣಕಾಲೂರುತ್ತೇನೆ, ಅಲ್ಲಿಯವರೆಗೆ ಇಲ್ಲ.

ಮಗುವಿಗೆ ಲೂಸಿ ಇಡಬೇಕೆಂದಿದ್ದ ಹೆಸರು ರೋಜಮ್ಮ. ಅದನ್ನು ಎಲ್ಲಿಯೂ ಬರೆದಿಲ್ಲ. ಇಲ್ಲಿ ಬರೆದಿದ್ದೇನೆ. ಅಚ್ಚಿನಲ್ಲಿ ಬೇರೇನು ಬಿಟ್ಟರೂ ಅದನ್ನು ಬಿಡಬಾರದು.

ಆ ದಿನದ ಲೆಕ್ಕದಲ್ಲಿ ಒಂದು ಕೆಲಸ ಉಳಿದಿದೆ. ಮಧ್ಯಾಹ್ನ ಬಲಿಪೀಠದ ಬಟ್ಟೆ ಇಸ್ತ್ರಿ ಮಾಡಿದೆ. ಮೇಜಿನ ಮೇಲೆ ಉದುರಿದ್ದ ನಂದಿಬಟ್ಟಲಿನ ಎಸಳು ಗುಡಿಸಿದೆ. ಮಡಿಸಿಟ್ಟ ಬಿಳಿ ಪಟ್ಟಿಯನ್ನು ಅದರ ಜಾಗದಲ್ಲಿಟ್ಟೆ. ಆರಕ್ಕೆ ಐದು ನಿಮಿಷವಿದ್ದಾಗ ಗಂಟೆಗೂಡಿಗೆ ಹೋದೆ. ಆರು ಹೊಡೆಯುತ್ತಲೇ ಹಗ್ಗ ಹಿಡಿದೆ — ಮೂರು, ಮೂರು, ಮೂರು, ಕೊನೆಗೆ ಒಂಬತ್ತು. ಒಂದು ಹೊಡೆತವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಪ್ಪ ಎದ್ದು ನಿಂತಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅಂದು ಇನ್ನೊಂದು ಹೊಡೆತ ಹೊಡೆಯುತ್ತಿರಲಿಲ್ಲ. ಹಗ್ಗ ಸುತ್ತಿ ಮೊಳೆಗೆ ಹಾಕಿದೆ. ಬಾಗಿಲಿಗೆ ಬೀಗ ಹಾಕಿದೆ.